ಫ್ಲಶ್‌ನಲ್ಲಿ ಹೋಗುವ ಕೊಡಗಳೆಷ್ಟು?

ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಗೃಹಿಣಿಯರಿಗೆ ಒಂದು ಕೊಡ ನೀರಿನ ಬೆಲೆ ಹೇಳಿಕೊಡಬೇಕೇ? ಆದರೆ ಹಳೆಯ ಫ್ಲಶ್ ಟ್ಯಾಂಕ್ ಒಂದು ಸಲಕ್ಕೆ ಸುಮಾರು 10 ಲೀಟರ್ ಸುರಿಯುತ್ತೆ. ಐದು ಜನರ ಮನೆಯಲ್ಲಿ ದಿನಕ್ಕೆ 20 ಸಲವೆಂದರೂ 200 ಲೀಟರ್! 3 ಮತ್ತು 6 ಲೀಟರಿನ ಎರಡು ಬಟನ್ ಇರುವ ಟ್ಯಾಂಕ್ ಹಾಕಿಸಿ. 15 ಸಲ ಚಿಕ್ಕದು, 5 ಸಲ ದೊಡ್ಡದು ಒತ್ತಿದರೆ 75 ಲೀಟರ್ ಸಾಕು.

ಇದಕ್ಕೆ ಸರ್ಕಾರದ ದುಡ್ಡು ಸಿಗುತ್ತಾ ಅಂತೀರಾ? 2014ರಲ್ಲಿ ಶುರುವಾದ ಸ್ವಚ್ಛ ಭಾರತ ಯೋಜನೆಯಲ್ಲಿ ಹಳ್ಳಿ ಮನೆಗಳಿಗೆ ಗೊತ್ತುಮಾಡಿದ 12,000 ರೂಪಾಯಿ ಶೌಚಾಲಯವೇ ಇಲ್ಲದವರಿಗೆ. ಇರುವ ಟ್ಯಾಂಕ್ ಬದಲಿಸಲು ಅಲ್ಲ. ದಿನಾ ಉಳಿಯುವ 125 ಲೀಟರ್ ನೀರೇ ನಿಮಗೆ ರಿಯಾಯಿತಿ!

ಈಗಲೇ ಖರ್ಚು ಬೇಡವೇ? ಒಂದು ಲೀಟರ್ ಬಾಟಲಿಗೆ ಮರಳು ತುಂಬಿ, ಮುಚ್ಚಳ ಬಿಗಿದು, ಹಳೆಯ ಟ್ಯಾಂಕಿನ ಮೂಲೆಯಲ್ಲಿಡಿ. ಒಳಗಿನ ಫ್ಲೋಟ್‌ಗೆ ಮಾತ್ರ ತಾಗದಿರಲಿ. ಪ್ರತಿ ಸಲ ಒಂದು ಲೀಟರ್ ಉಳಿಯುತ್ತೆ.