ಎದೆ ಡವಡವ ಅಂದಾಗ

ರಾತ್ರಿ ಊಟ ಆಯಿತು. ಪಾತ್ರೆ ತೊಳೆದೆವು. ಮನೆಮಂದಿ ಮಲಗಿದರು. ನಮಗೆ ಮಾತ್ರ ನಿದ್ದೆ ಇಲ್ಲ. ನಾಡಿದ್ದು ಸಂಘದ ಸಾಲದ ಕಂತು ಕಟ್ಟಬೇಕು. ಕೈಯಲ್ಲಿ ದುಡ್ಡಿಲ್ಲ. ನಾಲ್ಕು ಜನ ಏನಂದಾರು? ಮಗಳ ಶಾಲೆ ಬಿಡಿಸಬೇಕಾದೀತೆ? ಒಂದು ಯೋಚನೆ ಹತ್ತು ಮರಿ ಹಾಕುತ್ತದೆ. ಎದೆ ಡವಡವ ಅನ್ನುತ್ತದೆ. ಅಂಗೈ ಬೆವರುತ್ತದೆ. ಬಾಯಿ ಒಣಗುತ್ತದೆ.

ಯಾಕೆ ಹೀಗೆ?

ಹೊಲದ ಬದುವಿನ ಮೇಲೆ ಹಾವು ಕಂಡಿತು ಅನ್ನಿ. ಕೂಡಲೇ ಎದೆ ಜೋರಾಗಿ ಬಡಿಯುತ್ತದೆ. ಉಸಿರು ಬಿರುಸಾಗುತ್ತದೆ. ಓಡಿ ಪಾರಾಗಲು ಮೈ ಸಿದ್ಧವಾಗುತ್ತದೆ. ಈ ಭಯ ನಮ್ಮನ್ನು ಕಾಯುತ್ತದೆ. ಹಾವು ಹೋಯಿತು, ಎದೆಬಡಿತವೂ ಇಳಿಯಿತು.

ಆದರೆ ಸಾಲದ ಯೋಚನೆ ಹಾವಿನ ಹಾಗೆ ಹರಿದು ಹೋಗುವುದಿಲ್ಲ. ನಾಡಿದ್ದಿನ ಕಷ್ಟ ಇನ್ನೂ ಬಂದಿಲ್ಲ. ಮೈ ಮಾತ್ರ ಈಗಲೇ ಬಂತು ಅಂದುಕೊಳ್ಳುತ್ತದೆ.

ಆಗ ಏನು ಮಾಡೋಣ? ಮನಸ್ಸನ್ನು ನಾಡಿದ್ದಿನಿಂದ ಈ ಗಳಿಗೆಗೆ ಕರೆದು ತರೋಣ.

ಎದ್ದು ಕೂರೋಣ. ಹೊಟ್ಟೆಯ ಮೇಲೆ ಅಂಗೈ ಇಡೋಣ. ಮೂಗಿನಿಂದ ಉಸಿರು ಎಳೆದುಕೊಳ್ಳೋಣ. ಎಳೆದುದಕ್ಕಿಂತ ನಿಧಾನವಾಗಿ, ಉದ್ದವಾಗಿ ಬಿಡೋಣ. ಹೀಗೆ ಹತ್ತು ಸಲ. ಮೆಲ್ಲಗೆ ಎದೆಬಡಿತ ಇಳಿಯುತ್ತದೆ. ತಲೆ ಸುತ್ತಿದರೆ ನಿಲ್ಲಿಸೋಣ.

ಆಮೇಲೆ ಸುತ್ತ ಗಮನ ಕೊಡೋಣ. ಕಿವಿಗೆ ಏನು ಕೇಳುತ್ತಿದೆ? ಕೊಟ್ಟಿಗೆಯಲ್ಲಿ ಹಸು ಮೆಲುಕು ಹಾಕುವ ಸದ್ದು. ಪಕ್ಕದಲ್ಲಿ ಮಲಗಿದ ಮಗುವಿನ ಉಸಿರು. ಪಾದಕ್ಕೆ ಏನು ತಾಗುತ್ತಿದೆ? ತಣ್ಣನೆಯ ನೆಲ.

ಮನಸ್ಸು ಮತ್ತೆ ಸಾಲದ ಕಡೆ ಓಡುತ್ತದೆ. ನಮ್ಮನ್ನು ನಾವೇ ಬೈದುಕೊಳ್ಳುವುದು ಬೇಡ. ಹಗ್ಗ ಬಿಚ್ಚಿಕೊಂಡ ಕರುವನ್ನು ಮತ್ತೆ ಹಿಡಿದು ತರುವುದಿಲ್ಲವೆ? ಹಾಗೇ ತರೋಣ.

ಇದು ನಮಗೆ ಹೊಸದಲ್ಲ. ಅಕ್ಕಿ ಆರಿಸುವಾಗ ಮನಸ್ಸು ಮೊರದ ಮೇಲೇ ಇರುತ್ತದೆ. ಇಲ್ಲದಿದ್ದರೆ ಅನ್ನದಲ್ಲಿ ಕಲ್ಲು! ಅಕ್ಷರ ಕಲಿತದ್ದೂ ಹೀಗೇ. ಸಾಲಿನ ಕೆಳಗೆ ಬೆರಳಿಟ್ಟು ಓದಿದೆವು. ಬೆರಳು ಇದ್ದಲ್ಲಿ ಮನಸ್ಸು ಇತ್ತು. ದಿನಾ ಸ್ವಲ್ಪ ಹೊತ್ತು ಮಾಡಿದರೆ ಇದೂ ರೂಢಿಯಾಗುತ್ತದೆ.

ಉಸಿರು ನೋಡಿದರೆ ಸಾಲ ತೀರುತ್ತದೆಯೆ? ಇಲ್ಲ. ಆದರೆ ಗಾಬರಿ ಇಳಿದರೆ ದಾರಿ ಕಾಣುತ್ತದೆ. ಬೆಳಿಗ್ಗೆ ಒಂದು ಹಾಳೆಯಲ್ಲಿ ಬರೆಯೋಣ. ಕಟ್ಟಬೇಕಾದ್ದು ಎಷ್ಟು? ಇರುವುದು ಎಷ್ಟು? ಸಂಘದಲ್ಲಿ ಮುಂಚೆಯೇ ಹೇಳಿ ಗಡುವು ಕೇಳೋಣ. ಬರೆಯಲು ನಮಗೆ ಈಗ ಬರುತ್ತದಲ್ಲ!

ಎಲ್ಲ ಭಯಕ್ಕೂ ಇದೇ ಮದ್ದಲ್ಲ. ಮನೆಯಲ್ಲಿ ಹೊಡೆತ ಇದ್ದರೆ ಆ ಭಯ ಬರೀ ಯೋಚನೆಯಲ್ಲ. ಉಸಿರು ನೋಡುತ್ತಾ ಸಹಿಸಿಕೊಳ್ಳುವುದು ಬೇಡ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡೋಣ. ಎದೆ ನೋವು ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗೋಣ.

ವಾರಗಟ್ಟಲೆ ನಿದ್ದೆ ಇಲ್ಲವೆ? ಊಟ ಸೇರದೆ? ಬದುಕೇ ಬೇಡ ಅನ್ನಿಸುತ್ತದೆಯೆ? ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿ ಸುಮ್ಮನಿರಬಾರದು. ಇದು ಕಾಯಿಲೆ ಇರಬಹುದು. ಇದಕ್ಕೆ ಚಿಕಿತ್ಸೆ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಹೇಳೋಣ. 14416ಕ್ಕೆ ಫೋನ್ ಮಾಡಬಹುದು. ಇದರ ಹೆಸರು ಟೆಲಿ ಮಾನಸ್. ಸರ್ಕಾರ 2022ರಲ್ಲಿ ಶುರು ಮಾಡಿತು. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಿಲ್ಲ.

ಭಯ ಪಡುವುದು ನಾಚಿಕೆಯಲ್ಲ. ಒಬ್ಬರೇ ನುಂಗಿಕೊಂಡು ಇರುವುದು ಬೇಡ. ಇಂದು ರಾತ್ರಿ ಹತ್ತು ಉಸಿರು ಎಣಿಸಿ ನೋಡೋಣ. ನಾಳೆ ಪಕ್ಕದ ಮನೆಯ ಅಕ್ಕನಿಗೂ ಕಲಿಸೋಣ.