ನಾಯಿಯ ಸೊಂಟದ ಕೀಲೂ ಅದರ ಶಸ್ತ್ರಚಿಕಿತ್ಸೆಯೂ

ಹಿಂದೆ ನಮ್ಮ ಮನೆಮನೆಗಳಲ್ಲಿದ್ದ ಕಡೆಯುವ ಕಲ್ಲನ್ನು ಇಂದಿನ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಅಜ್ಜಿಯ ಮನೆಯ ಹಿತ್ತಿಲಲ್ಲಿ ನೋಡಿರಬಹುದು. ಕಲ್ಲಿನ ನಡುವೆ ಒಂದು ಆಳವಾದ ಕುಳಿ. ಆ ಕುಳಿಗೆ ಹೊಂದಿಕೊಂಡು ತಿರುಗುವ ಒಂದು ಗುಂಡು. ಕುಳಿಯು ಆಳವಾಗಿಯೂ ನುಣುಪಾಗಿಯೂ ಇದ್ದರೆ ಗುಂಡು ಸಲೀಸಾಗಿ ತಿರುಗುತ್ತದೆ. ಕುಳಿಯು ತಟ್ಟೆಯಂತೆ ಚಪ್ಪಟೆಯಾಗಿದ್ದರೆ ಗುಂಡು ಅತ್ತಿತ್ತ ಜಾರಿ ಅಂಚಿಗೆ ಬಡಿಯುತ್ತದೆ. ಕಾಲಕ್ರಮದಲ್ಲಿ ಅಂಚೂ ಗುಂಡೂ ಎರಡೂ ಸವೆಯುತ್ತವೆ. ಮನುಷ್ಯನ ಸೊಂಟದ ಕೀಲೂ ನಾಯಿಯ ಸೊಂಟದ ಕೀಲೂ ರಚನೆಯಲ್ಲಿ ಈ ಕಲ್ಲನ್ನೇ ಹೋಲುತ್ತವೆ. ತೊಡೆಯೆಲುಬಿನ ಮೇಲ್ತುದಿಯಲ್ಲಿರುವ ಗುಂಡು, ಸೊಂಟದೆಲುಬಿನ ಬಟ್ಟಲಿನಂತಹ ಕುಳಿಯಲ್ಲಿ ಕುಳಿತು ತಿರುಗುತ್ತದೆ. ಎರಡರ ಮೇಲೂ ಮೃದ್ವಸ್ಥಿಯ ನುಣುಪಾದ ಹೊದಿಕೆ. ನಡುವೆ ಗಾಲಿಯ ಎಣ್ಣೆಯಂತೆ ಕೆಲಸಮಾಡುವ ತುಸು ದ್ರವ. ಸುತ್ತಲೂ ಬಿಗಿಹಿಡಿದ ರಜ್ಜುಗಳು ಮತ್ತು ಸ್ನಾಯುಗಳು.

ಈ ವಿಷಯವನ್ನು ಇಲ್ಲಿ ಬರೆಯಲು ಕಾರಣವಿದೆ. ಕಳೆದ ವರ್ಷ ನಮ್ಮ ಒಂಬತ್ತನೆಯ ತರಗತಿಯ ಕೆಲವು ಮಕ್ಕಳು, ಮಾರ್ಗದ ಬದಿಯಲ್ಲಿ ಯಾರೋ ಬಿಟ್ಟುಹೋಗಿದ್ದ, ಹಿಂಗಾಲುಗಳನ್ನು ಎಳೆದುಕೊಂಡು ನಡೆಯುತ್ತಿದ್ದ ಲ್ಯಾಬ್ರಡಾರ್ ನಾಯಿಯೊಂದರ ಚಿಕಿತ್ಸೆಗೆ ಹಣ ಸಂಗ್ರಹಿಸಲು ಅನುಮತಿ ಕೇಳಿದರು. ರಕ್ಷಕರ ಸಭೆಯಲ್ಲಿ ಇದರ ಕುರಿತು ಹಲವು ಪ್ರಶ್ನೆಗಳು ಬಂದವು. ಅವುಗಳಿಗೆ ಅಂದು ಸಂಕ್ಷೇಪವಾಗಿ ಉತ್ತರಿಸಿದ್ದೆ. ವಿಸ್ತಾರವಾಗಿ ಬರೆಯಬೇಕೆಂದು ಕೆಲವರು ಅಪೇಕ್ಷಿಸಿದುದರಿಂದ ಈ ಲೇಖನ.

ಆ ನಾಯಿಗಿದ್ದ ದೋಷಕ್ಕೆ ವೈದ್ಯರು ಹಿಪ್ ಡಿಸ್‌ಪ್ಲೇಸಿಯಾ ಎನ್ನುತ್ತಾರೆ. ಸೊಂಟದ ಕೀಲಿನ ಬೆಳವಣಿಗೆಯ ದೋಷವೆಂದು ನಾವು ಹೇಳಬಹುದು. ನಾಯಿಗಳಲ್ಲಿ ಇದನ್ನು ಅಮೆರಿಕದ ಪಶುವೈದ್ಯ ಷ್ನೆಲ್ ಎಂಬವರು 1935ರಲ್ಲಿ ವಿವರಿಸಿದರು. ಮರಿ ಹುಟ್ಟುವಾಗ ಸೊಂಟವು ಸರಿಯಾಗಿಯೇ ಇರುತ್ತದೆ. ಬೆಳೆಯುವ ಮೊದಲ ತಿಂಗಳುಗಳಲ್ಲಿ ರಜ್ಜುಗಳು ಸಡಿಲವಾದರೆ ಗುಂಡು ಕುಳಿಯಲ್ಲಿ ಗಟ್ಟಿಯಾಗಿ ಕೂರುವುದಿಲ್ಲ. ಗುಂಡು ಸರಿಯಾಗಿ ಕೂರದಿದ್ದರೆ ಕುಳಿಯೂ ಆಳವಾಗಿ ಬೆಳೆಯುವುದಿಲ್ಲ. ಮುಂದೆ ಮೃದ್ವಸ್ಥಿ ಸವೆದು, ಎಲುಬಿಗೆ ಎಲುಬು ತಾಗಿ, ಸಂಧಿವಾತವು ನೆಲೆಸುತ್ತದೆ. ಇದು ಮುಖ್ಯವಾಗಿ ವಂಶದಿಂದ ಬರುವ ದೋಷ. ಇದಕ್ಕೆ ಕಾರಣವಾದ ಜೀನುಗಳು ಒಂದೆರಡಲ್ಲ, ಅನೇಕ. ಆದಕಾರಣ ನೋಡಲು ಆರೋಗ್ಯವಾಗಿರುವ ತಾಯಿತಂದೆಗಳಿಗೂ ದೋಷವುಳ್ಳ ಮರಿ ಹುಟ್ಟಬಹುದು. ಲ್ಯಾಬ್ರಡಾರ್, ಜರ್ಮನ್ ಷೆಫರ್ಡ್, ರಾಟ್‌ವೈಲರ್, ಸೇಂಟ್ ಬರ್ನಾರ್ಡ್ ಮುಂತಾದ ದೊಡ್ಡ ತಳಿಗಳಲ್ಲಿ ಇದು ಹೆಚ್ಚು. ನಮ್ಮ ಬೀದಿಯ ನಾಡನಾಯಿ ಕುಂಟುತ್ತಿದ್ದರೆ ಮೊದಲು ಊಹಿಸಬೇಕಾದುದು ವಾಹನದ ಪೆಟ್ಟನ್ನು: ಕೀಲು ತಪ್ಪಿರಬಹುದು, ಸೊಂಟದೆಲುಬು ಮುರಿದಿರಬಹುದು.

ದೊಡ್ಡ ತಳಿಯ ನಾಯಿ ಬೀದಿಪಾಲಾಗುವ ಬಗೆಯನ್ನು ಹೆತ್ತವರು ಮುಖ್ಯವಾಗಿ ತಿಳಿಯಬೇಕು. ಮಕ್ಕಳ ಆಸೆಗೆಂದು ಎರಡು ತಿಂಗಳ ಮುದ್ದಾದ ಮರಿಯನ್ನು ಬೆಲೆಕೊಟ್ಟು ತರುತ್ತಾರೆ. ಮಾರಿದವನು ಅದರ ತಾಯಿತಂದೆಗಳ ಸೊಂಟದ ಕ್ಷಕಿರಣ ಚಿತ್ರವನ್ನು ತೋರಿಸುವುದಿಲ್ಲ, ಕೊಂಡವನೂ ಕೇಳುವುದಿಲ್ಲ. ವರ್ಷ ತುಂಬುವಷ್ಟರಲ್ಲಿ ನಾಯಿ ಎದ್ದುನಿಲ್ಲಲು ತಡವರಿಸುತ್ತದೆ. ಓಡುವಾಗ ಎರಡು ಹಿಂಗಾಲುಗಳನ್ನೂ ಒಟ್ಟಿಗೆ ಎತ್ತಿ ಮೊಲದಂತೆ ಕುಪ್ಪಳಿಸುತ್ತದೆ. ಮೆಟ್ಟಲಿನ ಮುಂದೆ ನಿಂತು ಯೋಚಿಸುತ್ತದೆ. ತೊಡೆಗಳು ಸೊರಗಿ, ಭಾರವನ್ನೆಲ್ಲ ಹೊರುವ ಹೆಗಲುಗಳು ಮಾತ್ರ ದಪ್ಪವಾಗುತ್ತವೆ. ಚಿಕಿತ್ಸೆಯ ಖರ್ಚು ಮರಿಯ ಬೆಲೆಗಿಂತ ಎಷ್ಟೋ ಪಾಲು ಹೆಚ್ಚೆಂದು ತಿಳಿದ ಮೇಲೆ ಒಂದು ರಾತ್ರಿ ಅದನ್ನು ವಾಹನದಲ್ಲಿ ಕೊಂಡೊಯ್ದು ದೂರದ ಊರಿನಲ್ಲಿ ಇಳಿಸಿ ಬರುತ್ತಾರೆ. ಇದು ಅಪರಾಧ. ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಎತ್ತಿದ ದನಿಯ ಫಲವಾಗಿ 1960ರಲ್ಲಿ ಬಂದ ಪ್ರಾಣಿಹಿಂಸಾ ನಿವಾರಣ ಶಾಸನವು, ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಮೊದಲ ಅಪರಾಧಕ್ಕೆ ಆ ಶಾಸನದಲ್ಲಿ ಬರೆದ ದಂಡ 10ರಿಂದ 50 ರೂಪಾಯಿ ಎಂದರೆ ಮಕ್ಕಳು ನಗುತ್ತಾರೆ, ನಗುವುದು ನ್ಯಾಯವೇ.

ಇಂತಹ ನಾಯಿಯನ್ನು ಕಂಡ ಮಕ್ಕಳು ತಾವಾಗಿ ಮುಟ್ಟಬಾರದು, ದೊಡ್ಡವರನ್ನು ಕರೆಯಬೇಕು. ನೋವಿನಲ್ಲಿರುವ ಪ್ರಾಣಿ ಸಾಧುವಾದರೂ ಕಚ್ಚೀತು. ಕಚ್ಚಿದರೆ, ಪರಚಿದರೆ, ಗಾಯ ಸಣ್ಣದೆಂದು ಉದಾಸೀನ ಮಾಡದೆ 15 ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ಆರಂಭಿಸಬೇಕು. ರೋಗಲಕ್ಷಣ ತೋರಿದ ಮೇಲೆ ಬದುಕಿದವರು ಅತಿ ವಿರಳ. ನಾಯಿಯನ್ನು ಎತ್ತುವಾಗ ಹಲಗೆ ಅಥವಾ ಗಟ್ಟಿ ಹೊದಿಕೆಯ ಮೇಲೆ ಜಾರಿಸಿ, ಇಬ್ಬರು ಸಮನಾಗಿ ಹಿಡಿಯುವುದು ಲೇಸು.

ಇನ್ನೊಂದು ಎಚ್ಚರಿಕೆ. ನೋವೆಂದು ಮರುಗಿ ಮನೆಯಲ್ಲಿರುವ ಮನುಷ್ಯರ ಮಾತ್ರೆಯನ್ನು ನಾಯಿಗೆ ಕೊಡುವವರಿದ್ದಾರೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಇವು ನಾಯಿಯ ಜಠರದಲ್ಲಿ ಹುಣ್ಣೆಬ್ಬಿಸಿ ರಕ್ತಸ್ರಾವವನ್ನುಂಟುಮಾಡಬಲ್ಲವು, ಮೂತ್ರಪಿಂಡವನ್ನು ಕೆಡಿಸಬಲ್ಲವು. ಡೈಕ್ಲೊಫೆನಾಕ್ ಕೊಟ್ಟ ದನಗಳ ಕಳೇಬರವನ್ನು ತಿಂದು ರಣಹದ್ದುಗಳು ಅಳಿವಿನಂಚಿಗೆ ಬಂದುದರಿಂದ ಪ್ರಾಣಿಗಳಿಗೆ ಅದನ್ನು ಬಳಸುವುದನ್ನು ಭಾರತದಲ್ಲಿ 2006ರಲ್ಲಿ ನಿಷೇಧಿಸಲಾಯಿತು. ನಾಯಿಗೆ ತಕ್ಕ ನೋವುನಿವಾರಕಗಳು ಬೇರೆಯೇ ಇವೆ. ಅವನ್ನು ತೂಕ ನೋಡಿ ಪಶುವೈದ್ಯರು ಕೊಡಬೇಕು.

ರೋಗವನ್ನು ನಿರ್ಣಯಿಸಲು ವೈದ್ಯರು ನಾಯಿಗೆ ಮಂಪರು ಬರಿಸಿ, ತೊಡೆಯನ್ನು ಮೆಲ್ಲನೆ ಒತ್ತಿ ಹೊರಕ್ಕೆ ತಿರುಗಿಸುತ್ತಾರೆ. ಸಡಿಲವಾದ ಗುಂಡು ಕುಳಿಯೊಳಕ್ಕೆ ಮರಳಿ ಬೀಳುವಾಗ ಕೈಗೆ 'ಟಕ್' ಎಂದು ತಿಳಿಯುತ್ತದೆ. ಇಟಲಿಯ ಶಿಶುವೈದ್ಯ ಒರ್ಟೊಲಾನಿಯ ಹೆಸರಿನ ಈ ಪರೀಕ್ಷೆ ಹುಟ್ಟಿದ್ದು ಎಳೆಗೂಸುಗಳಿಗಾಗಿ. ಇಂದಿಗೂ ನವಜಾತ ಶಿಶುಗಳ ಸೊಂಟವನ್ನು ವೈದ್ಯರು ಹೀಗೆಯೇ ನೋಡುತ್ತಾರೆ. ಬಳಿಕ ನಾಯಿಯನ್ನು ಅಂಗಾತ ಮಲಗಿಸಿ ಕ್ಷಕಿರಣ ಚಿತ್ರ ತೆಗೆಯುತ್ತಾರೆ. ಚಿತ್ರ ಕೆಟ್ಟದಾಗಿ ಕಂಡರೂ ಚೆನ್ನಾಗಿ ನಡೆಯುವ ನಾಯಿಗಳಿವೆ. ಆದುದರಿಂದ ಚಿತ್ರವನ್ನಷ್ಟೇ ನೋಡಿ ಕತ್ತಿ ಹಿಡಿಯುವುದಿಲ್ಲ. ತೂಕ ಇಳಿಸಿ, ಮಿತವಾಗಿ ನಡೆಸಿ, ಔಷಧ ಕೊಟ್ಟರೆ ಎಷ್ಟೋ ನಾಯಿಗಳು ಸುಖವಾಗಿರುತ್ತವೆ. ತೂಕದ ಮಾತು ಹಗುರವಾದುದಲ್ಲ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿಜೋಡಿಯಾಗಿ ಸಾಕಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಮತ್ತೊಂದಕ್ಕಿಂತ ಕಾಲುಭಾಗ ಕಡಿಮೆ ಆಹಾರ ಕೊಟ್ಟು ಸಾಯುವವರೆಗೆ ಗಮನಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕಡಿಮೆ ತಿಂದವುಗಳ ಮಧ್ಯಮ ಆಯುಷ್ಯ 13 ವರ್ಷ, ಹೆಚ್ಚು ತಿಂದವುಗಳದು 11.2 ವರ್ಷ, ಸಂಧಿವಾತವೂ ಮೊದಲನೆಯವುಗಳಿಗೆ ತಡವಾಗಿ ಬಂದಿತು. ಪ್ರೀತಿಯಿಂದ ಅನ್ನ ಸುರಿಯುವ ನಮ್ಮ ಮನೆಗಳವರು ಇದನ್ನು ನೆನಪಿಡುವುದು ಒಳ್ಳೆಯದು.

ಇಷ್ಟರಿಂದ ನೋವು ತಗ್ಗದಿದ್ದರೆ ಶಸ್ತ್ರಚಿಕಿತ್ಸೆ. ಬೆಳೆದ ನಾಯಿಗಳಿಗೆ ಮುಖ್ಯವಾಗಿ ಎರಡು ಬಗೆ. ಒಂದನೆಯದು, ಕೀಲನ್ನೇ ಬದಲಿಸುವುದು: ತೊಡೆಯೆಲುಬಿನೊಳಗೆ ಲೋಹದ ಕಾಂಡ ಮತ್ತು ಗುಂಡು, ಸೊಂಟದಲ್ಲಿ ಕೃತಕ ಬಟ್ಟಲು. ಮನುಷ್ಯರಲ್ಲಿ ಇದನ್ನು 1960ರ ದಶಕದಲ್ಲಿ ಯಶಸ್ವಿಗೊಳಿಸಿದವರು ಇಂಗ್ಲೆಂಡಿನ ಜಾನ್ ಚಾರ್ನ್ಲೀ. ನಾಯಿಗಳಿಗೆ ಅದು ಮುಂದಿನ ದಶಕದಲ್ಲಿ ಬಂದಿತು. ಫಲ ಉತ್ತಮ, ವೆಚ್ಚ ಬಹಳ. ಎರಡನೆಯದು ಕೇಳಲು ವಿಚಿತ್ರವಾದುದು: ತೊಡೆಯೆಲುಬಿನ ಗುಂಡನ್ನೂ ಅದರ ಕತ್ತನ್ನೂ ಕತ್ತರಿಸಿ ತೆಗೆದುಬಿಡುವುದು! ಬದಲಿಗೆ ಏನನ್ನೂ ಇಡುವುದಿಲ್ಲ. ಹಾಗಾದರೆ ಕಾಲು ನಿಲ್ಲುವುದು ಹೇಗೆಂದು ಸಭೆಯಲ್ಲಿ ಒಬ್ಬ ಹುಡುಗಿ ಕೇಳಿದಳು, ಒಳ್ಳೆಯ ಪ್ರಶ್ನೆ. ನಾಯಿಗೆ ಕಾಲುಗಳು ನಾಲ್ಕು. ಭಾರದ ಹೆಚ್ಚಿನ ಪಾಲನ್ನು ಮುಂಗಾಲುಗಳೇ ಹೊರುತ್ತವೆ. ಉಜ್ಜುವ ಎಲುಬು ಹೋದೊಡನೆ ನೋವಿನ ಮೂಲ ಹೋಗುತ್ತದೆ. ಆ ಜಾಗದಲ್ಲಿ ಗಟ್ಟಿ ನಾರಿನ ಅಂಗಾಂಶ ಬೆಳೆದು, ಸುತ್ತಲಿನ ಸ್ನಾಯುಗಳು ಕಾಲನ್ನು ತೂಗಿಹಿಡಿದು, ಒಂದು ಹುಸಿಕೀಲು ಏರ್ಪಡುತ್ತದೆ. ಕಾಲು ತುಸು ಗಿಡ್ಡವಾಗುತ್ತದೆ, ನಡಿಗೆಯಲ್ಲಿ ಸಣ್ಣ ವ್ಯತ್ಯಾಸ ಉಳಿಯುತ್ತದೆ, ಅಷ್ಟೆ. ಇದಕ್ಕೂ ಮನುಷ್ಯರ ವೈದ್ಯವೇ ಮೂಲ: ಆಕ್ಸ್‌ಫರ್ಡಿನ ಗರ್ಡಲ್‌ಸ್ಟೋನ್ ಎಂಬ ವೈದ್ಯರು ಕ್ಷಯದಿಂದ ಕೆಟ್ಟ ಸೊಂಟಗಳಿಗೆ ಈ ಬಗೆಯ ಚಿಕಿತ್ಸೆ ಮಾಡುತ್ತಿದ್ದರು. ಸುಮಾರು 20 ಕಿಲೋಗ್ರಾಂನೊಳಗಿನ ನಾಯಿಗಳಲ್ಲಿ ಫಲ ಅತ್ಯುತ್ತಮ. ದೊಡ್ಡ ನಾಯಿಗಳಿಗೂ ಮಾಡುತ್ತಾರೆ, ಆದರೆ ಆರೈಕೆ ಹೆಚ್ಚು ಬೇಕು. ನಮ್ಮ ನಾಯಿಗೆ ವೈದ್ಯರು ಹೇಳಿದುದು ಇದನ್ನೇ.

ಈಗ ಹಣದ ವಿಚಾರ. "ಮನುಷ್ಯರಿಗೇ ಮದ್ದಿಗೆ ಹಣವಿಲ್ಲ, ನಾಯಿಗೆ ಆಪರೇಷನ್ನೇ, ಮಾಷ್ಟ್ರೇ?" ಎಂದು ರಕ್ಷಕರೊಬ್ಬರು ಕೇಳಿದರು. ಅವರ ಮನೆಯಲ್ಲಿ ರೋಗಿಯಿದ್ದರು. ಆ ಮಾತನ್ನು ನಾನು ಹಗುರವಾಗಿ ಎಣಿಸಲಿಲ್ಲ. ಬಡ ವಿದ್ಯಾರ್ಥಿಗಳ ನಿಧಿಯಿಂದ ಒಂದು ಪೈಸೆಯನ್ನೂ ತೆಗೆಯಕೂಡದೆಂದೂ, ಕೊಡಲಿಚ್ಛಿಸದ ಮಗುವಿನ ಹೆಸರು ಯಾರಿಗೂ ತಿಳಿಯಕೂಡದೆಂದೂ ಮೊದಲು ನಿರ್ಣಯವಾಯಿತು. ಆಮೇಲೆ ನಾನು ಹೇಳಿದುದಿಷ್ಟು: ಈ ನಾಯಿಯನ್ನು ಹೀಗೆ ಸೃಷ್ಟಿಸಿದವರು, ಎಂದರೆ ದೊಡ್ಡ ಮೈಯನ್ನೂ ಸಡಿಲ ಸೊಂಟವನ್ನೂ ಒಟ್ಟಿಗೆ ಬೆಳೆಸಿದವರು, ಮನುಷ್ಯರು, ಮಾರಿದವರೂ ತೊರೆದವರೂ ಮನುಷ್ಯರೇ. ಋಣ ನಮ್ಮ ಕಡೆಗಿದೆ. ಪ್ರಶ್ನೆ ಕೇಳಿದವರು ಒಪ್ಪಿದರೆಂದು ಹೇಳಲಾರೆ. ಆದರೆ ಲೆಕ್ಕ ನೋಡಲು ಅವರೇ ಒಪ್ಪಿಕೊಂಡರು, ಮತ್ತು ಬಹಳ ಕಟ್ಟುನಿಟ್ಟಾಗಿ ನೋಡಿದರು.

ಇಂತಹ ಕೆಲಸಕ್ಕೆ ಕೈಹಾಕುವವರು, ಹಣಕ್ಕಿಂತ ಮೊದಲು ನಾಯಿಗೆ ಒಂದು ಮನೆಯನ್ನು ಹುಡುಕಬೇಕು. ಶಸ್ತ್ರಚಿಕಿತ್ಸೆಯಾದ ನಾಯಿಯನ್ನು ಮತ್ತೆ ಬೀದಿಗೆ ಬಿಡುವುದಾದರೆ ಕತ್ತಿ ಹಾಕದಿರುವುದೇ ಮೇಲು. ಬಳಿಕ ಖರ್ಚಿನ ಅಂದಾಜನ್ನು ಬರಹದಲ್ಲಿ ಪಡೆಯಬೇಕು. ಅದರಲ್ಲಿ ಅರಿವಳಿಕೆ, ರಕ್ತಪರೀಕ್ಷೆ, ಔಷಧ, ಮರುಭೇಟಿ ಎಲ್ಲವೂ ಸೇರಿರಬೇಕು. ಹಣವನ್ನು ನೇರವಾಗಿ ಆಸ್ಪತ್ರೆಗೆ ಕೊಟ್ಟು ರಸೀದಿಯನ್ನು ಫಲಕದಲ್ಲಿ ಅಂಟಿಸಬೇಕು. ಕರುಣಾಜನಕ ಚಿತ್ರವೊಂದನ್ನು ಕಳುಹಿಸಿ ಹಣ ಬೇಡುವವರಲ್ಲಿ, ಯಾವ ಆಸ್ಪತ್ರೆ, ಯಾವ ವೈದ್ಯರು, ಅಂದಾಜು ಎಲ್ಲಿ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಪಶುವೈದ್ಯ ಮಹಾವಿದ್ಯಾಲಯಗಳ ಆಸ್ಪತ್ರೆಗಳಲ್ಲಿ ಶುಲ್ಕವು ಖಾಸಗಿಗಿಂತ ಸಾಮಾನ್ಯವಾಗಿ ಕಡಿಮೆ. ಗಡಿನಾಡಿನ ನಮಗೆ ವಯನಾಡಿನ ಪೂಕೋಡು, ತೃಶ್ಶೂರಿನ ಮಣ್ಣುತ್ತಿ, ಬೆಂಗಳೂರಿನ ಹೆಬ್ಬಾಳ ಈ ಮೂರು ಕಡೆ ಅಂತಹ ವಿದ್ಯಾಲಯಗಳಿವೆ. ದಾರಿ ದೂರ, ಶಸ್ತ್ರವೈದ್ಯರಿರುವ ದಿನವನ್ನು ದೂರವಾಣಿಯಲ್ಲಿ ವಿಚಾರಿಸಿಯೇ ಹೊರಡಬೇಕು. ಕೆಲವೊಮ್ಮೆ ವೈದ್ಯರು, ಇದರಿಂದ ಪ್ರಯೋಜನವಿಲ್ಲ, ನೋವಿಲ್ಲದ ಮರಣವೇ ದಯೆ ಎನ್ನಬಹುದು. ಅದನ್ನು ಕೇಳುವ ಧೈರ್ಯವೂ ಬೇಕು.

ಗುಂಡು ತೆಗೆಯುವ ಚಿಕಿತ್ಸೆಯಲ್ಲಿ ವೈದ್ಯರ ಕೆಲಸ ಅಂದೇ ಮುಗಿಯುತ್ತದೆ. ಮನೆಯವರ ಕೆಲಸ ಆಗ ಆರಂಭವಾಗುತ್ತದೆ. ಎಲುಬು ಮುರಿದಾಗ ಅಲುಗಾಡದೆ ಮಲಗಬೇಕಷ್ಟೆ? ಇಲ್ಲಿ ತದ್ವಿರುದ್ಧ. ಕಾಲನ್ನು ಬಳಸದಿದ್ದರೆ ಹುಸಿಕೀಲು ಬಿಗಿದು ಮರಗಟ್ಟುತ್ತದೆ, ಸ್ನಾಯು ಇನ್ನೂ ಸೊರಗುತ್ತದೆ. ಆದುದರಿಂದ ನೋವುನಿವಾರಕದ ಆಸರೆಯಲ್ಲಿ ಮೊದಲ ದಿನಗಳಿಂದಲೇ ಕಾಲನ್ನು ಕೈಯಿಂದ ಮೆಲ್ಲನೆ ಹಿಂದೆ ಮುಂದೆ ಆಡಿಸಬೇಕು. ಹೊಟ್ಟೆಯಡಿಗೆ ಬಟ್ಟೆಯ ಆಧಾರ ಕೊಟ್ಟು, ಸರಪಳಿ ಹಿಡಿದು ಐದು ನಿಮಿಷದಂತೆ ದಿನಕ್ಕೆ ಹಲವು ಸಲ ನಿಧಾನವಾಗಿ ನಡೆಸಬೇಕು. ಬೇಗ ನಡೆಸಿದರೆ ನಾಯಿ ಆ ಕಾಲನ್ನೆತ್ತಿ ಮೂರೇ ಕಾಲಲ್ಲಿ ಓಡುತ್ತದೆ. ನುಣುಪಾದ ನೆಲದಲ್ಲಿ ಗೋಣಿ ಹಾಸಬೇಕು. ಹೊಲಿಗೆ ಬಿಚ್ಚಿ ಗಾಯ ಮಾಗಿದ ಮೇಲೆ ಈಜು ಬಹಳ ಒಳ್ಳೆಯದು. ಊರಿನ ಕೃಷಿಕರೊಬ್ಬರ ಮನೆಯಲ್ಲಿ ನೆಲೆಯಾದ ನಮ್ಮ ನಾಯಿಯನ್ನು ಮಕ್ಕಳು ಸರದಿಯಂತೆ ಬೆಳಗ್ಗೆ ಸಂಜೆ ಅಡಿಕೆ ತೋಟದ ದಾರಿಯಲ್ಲಿ ನಡೆಸಿದರು. ನಡೆಸಿದ ನಿಮಿಷಗಳನ್ನೂ ಕಾಲೂರಿದ ರೀತಿಯನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟರು. ಮಳೆಗಾಲದ ಆ ಬರಹಗಳ ಶಾಯಿ ಕಲಸಿಹೋಗಿದ್ದರೂ ಒಂದು ದಿನವೂ ಬಿಟ್ಟಿಲ್ಲ.

ಈ ದೋಷ ಹೆಚ್ಚಾಗಿ ಎರಡು ಕಡೆಯೂ ಇರುವುದರಿಂದ, ಮತ್ತೊಂದು ಸೊಂಟದ ಮಾತು ಕೆಲವು ತಿಂಗಳ ಅನಂತರ ಏಳುತ್ತದೆ. ಒಂದು ಕಡೆಯ ನೋವು ಹೋದ ಬಳಿಕ ಎಷ್ಟೋ ನಾಯಿಗಳಿಗೆ ಎರಡನೆಯದು ಬೇಡವಾಗುತ್ತದೆ. ನಮ್ಮ ನಾಯಿಯ ಬಲಗಡೆಯ ಕ್ಷಕಿರಣ ಚಿತ್ರವನ್ನು ಬರುವ ಬೇಸಿಗೆ ರಜೆಯಲ್ಲಿ ಮತ್ತೆ ತೆಗೆಯಬೇಕೆಂದು ವೈದ್ಯರು ಹೇಳಿದ್ದಾರೆ. ಅಲ್ಲಿಯವರೆಗೆ ಅದರ ತೂಕ ಏರಕೂಡದು. ಪ್ರತಿ ತಿಂಗಳ ಮೊದಲ ಶನಿವಾರ ಅಡಿಕೆ ತೂಗುವ ತಕ್ಕಡಿಯಲ್ಲಿ ಅದನ್ನು ತೂಗಲಾಗುತ್ತಿದೆ.