ಅಜ್ಜಿಯನ್ನು ಬೆಂಚಿನ ಮೇಲೆ ಕೂರಿಸಬೇಡಿ

ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ರಜೆಯ ದಿನ ಹೋದವರು ಈ ನೋಟವನ್ನು ಕಂಡೇ ಇರುತ್ತಾರೆ. ಮಕ್ಕಳು ಒಂದು ಗ್ಯಾಲರಿಯಿಂದ ಇನ್ನೊಂದಕ್ಕೆ ಓಡುತ್ತಿರುತ್ತಾರೆ, ಅಪ್ಪ-ಅಮ್ಮ ಮೊಬೈಲ್ ಹಿಡಿದು ಅವರ ಹಿಂದೆ. ಅಜ್ಜ-ಅಜ್ಜಿ ಮಾತ್ರ ಬ್ಯಾಗು, ನೀರಿನ ಬಾಟಲಿ ಕಾಯುತ್ತ ಬೆಂಚಿನ ಮೇಲೆ. ಇದರಿಂದ ನಷ್ಟವಾಗುವುದು ಇಡೀ ಕುಟುಂಬಕ್ಕೆ. ಮುಟ್ಟಿ, ತಿರುಗಿಸಿ, ಎಳೆದು ಕಲಿಯುವ ಇಂಥ ಜಾಗದಲ್ಲಿ ಮೂರು ತಲೆಮಾರು ಒಟ್ಟಿಗೆ ನಿಂತಾಗ ಮಾತ್ರ ಗೋಚರಿಸುವ ವಿಜ್ಞಾನವೂ ಇದೆ.

ಈ ಮ್ಯೂಸಿಯಂನ ಕಟ್ಟಡವನ್ನು 1962ರಲ್ಲಿ ನೆಹರೂ ಉದ್ಘಾಟಿಸಿದರು. 1965ರ ಜುಲೈಯಲ್ಲಿ ವಿದ್ಯುತ್ತಿನ ಕುರಿತ ಮೊದಲ ಗ್ಯಾಲರಿ ಜನರಿಗೆ ತೆರೆಯಿತು. ಎಪ್ಪತ್ತರ ದಶಕದಲ್ಲಿ ಶಾಲಾ ಪ್ರವಾಸದ ಬಸ್ಸಿನಿಂದ ಇಲ್ಲಿ ಇಳಿದ ಮಕ್ಕಳು ಈಗ ಮೊಮ್ಮಕ್ಕಳ ಕೈಹಿಡಿದು ಬರುವ ವಯಸ್ಸಿನವರು. ಆವರಣದಲ್ಲಿ ಎಚ್‌ಎಫ್-24 ಮಾರುತ್ ವಿಮಾನ ನಿಂತಿದೆ. ಜರ್ಮನಿಯ ಕರ್ಟ್ ಟ್ಯಾಂಕ್ ಮುಂದಾಳತ್ವದಲ್ಲಿ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ರೂಪುಗೊಂಡ ಈ ಜೆಟ್ ಯುದ್ಧವಿಮಾನ ಮೊದಲ ಸಲ ಹಾರಿದ್ದು 1961ರ ಜೂನ್‌ನಲ್ಲಿ. ಎಚ್‌ಎಎಲ್‌ನಲ್ಲಿ ದುಡಿದು ನಿವೃತ್ತರಾದ ಅಜ್ಜ ಮನೆಯಲ್ಲಿದ್ದರೆ ಫಲಕದಲ್ಲಿ ಬರೆಯದ ಎಷ್ಟೋ ಸಂಗತಿಗಳು ಈ ವಿಮಾನದ ಪಕ್ಕದಲ್ಲಿ ತಾವಾಗಿ ಹೊರಬರುತ್ತವೆ.

ವಿಜ್ಞಾನ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಒಂದು ಕುರ್ಚಿ ಇರುತ್ತದೆ. ಮೇಲಿನ ರಾಟೆಯಿಂದ ಇಳಿಬಿಟ್ಟ ಹಗ್ಗಕ್ಕೆ ಅದನ್ನು ಕಟ್ಟಿರುತ್ತಾರೆ. ಕೂತವರೇ ಹಗ್ಗದ ಇನ್ನೊಂದು ತುದಿ ಜಗ್ಗಿ ತಮ್ಮನ್ನು ತಾವು ಮೇಲೆತ್ತಿಕೊಳ್ಳಬೇಕು. ಬಾವಿಯಿಂದ ನೀರು ಸೇದಿ ಬಲ್ಲ ಅಜ್ಜಿಗೆ ಇಲ್ಲಿ ಸರಿಯಾದ ಅನುಮಾನವೇ ಬರುತ್ತದೆ: ಬಾವಿಯ ರಾಟೆಯಲ್ಲಿ ಕೊಡದ ಭಾರ ಒಂದಿಷ್ಟೂ ಕಡಿಮೆಯಾಗುತ್ತಿರಲಿಲ್ಲವಲ್ಲ, ಇದು ಹೇಗೆ ಹಗುರ? ಆಕೆಯ ಅನುಭವ ಸರಿ. ಬಾವಿಯ ಮೇಲಿನ ರಾಟೆ ಬಲದ ದಿಕ್ಕನ್ನು ಮಾತ್ರ ಬದಲಿಸುತ್ತದೆ. ಹದಿನೈದು ಕಿಲೋ ತೂಗುವ ಕೊಡಕ್ಕೆ ಹದಿನೈದು ಕಿಲೋದಷ್ಟೇ ಜಗ್ಗಬೇಕು, ತಿಕ್ಕಾಟದ ಪಾಲು ಬೇರೆ. ಆದರೆ ಕುರ್ಚಿಯಲ್ಲಿ ಕೂತವರು ಕೊಡವೂ ಹೌದು, ಸೇದುವವರೂ ಹೌದು. ಅವರ ಭಾರವನ್ನು ಹಗ್ಗದ ಎರಡು ಎಳೆಗಳು ಹೊರುತ್ತವೆ: ಒಂದು ಕುರ್ಚಿಗೆ ಕಟ್ಟಿದ್ದು, ಇನ್ನೊಂದು ಅವರ ಕೈಯಲ್ಲಿರುವುದು. ಕುರ್ಚಿಯೂ ಸೇರಿ ಅರವತ್ತು ಕಿಲೋ ಇದ್ದರೆ ಮೂವತ್ತು ಕಿಲೋದ ಎಳೆತ ಸಾಕು. ಬದಲಿಗೆ, ಒಂದು ಮೀಟರು ಮೇಲೇರಲು ಎರಡು ಮೀಟರು ಹಗ್ಗ ಎಳೆಯಬೇಕು. ನೀರಿಗೆ ನಲ್ಲಿಯನ್ನಷ್ಟೇ ಕಂಡ ಮೊಮ್ಮಗಳಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ. ಅಜ್ಜಿಗೆ ಪ್ರಶ್ನೆ ಗೊತ್ತು, ಮೊಮ್ಮಗಳ ಪಠ್ಯಪುಸ್ತಕದಲ್ಲಿ ಉತ್ತರ ಇದೆ. ಇಬ್ಬರೂ ಅಲ್ಲಿರಬೇಕು.

ಪಿಸುಮಾತಿನ ತಟ್ಟೆಗಳ ಬಳಿ ವಯಸ್ಸೇ ಪ್ರಯೋಗದ ಸಾಮಗ್ರಿಯಾಗುತ್ತದೆ. ಸಭಾಂಗಣದ ಆ ತುದಿಗೊಂದು, ಈ ತುದಿಗೊಂದು ದೊಡ್ಡ ಪರವಲಯ ತಟ್ಟೆ. ಒಂದರ ನಾಭಿಯಲ್ಲಿ ಮೆಲ್ಲಗೆ ಆಡಿದ ಮಾತು ತಟ್ಟೆಗೆ ಬಡಿದು ನೇರ ಅಲೆಗಳಾಗಿ ಸಾಗಿ, ಎದುರಿನ ತಟ್ಟೆಯಿಂದ ಪ್ರತಿಫಲಿಸಿ, ಅದರ ನಾಭಿಯಲ್ಲಿ ಮತ್ತೆ ಒಂದುಗೂಡುತ್ತದೆ. ತಟ್ಟೆಯ ಯಾವ ಭಾಗಕ್ಕೆ ಬಡಿದರೂ ಶಬ್ದ ಕ್ರಮಿಸುವ ಒಟ್ಟು ದೂರ ಒಂದೇ. ಹಾಗಾಗಿ ಅಲೆಗಳೆಲ್ಲ ಒಂದೇ ಕ್ಷಣಕ್ಕೆ ತಲುಪಿ ಪರಸ್ಪರ ಬಲ ತುಂಬುತ್ತವೆ. ಮಧ್ಯೆ ಎಷ್ಟೇ ಗದ್ದಲವಿದ್ದರೂ ಮಗು ಅಪ್ಪನಿಗೆ ಹೇಳಿದ ಗುಟ್ಟು ಅವನಿಗೆ ಕೇಳುತ್ತದೆ. ಅದೇ ಗುಟ್ಟು ಅಜ್ಜನಿಗೆ ಕೇಳದೆ ಹೋಗಬಹುದು. ಪಿಸುಗುಟ್ಟುವಾಗ ಧ್ವನಿತಂತುಗಳು ಕಂಪಿಸುವುದಿಲ್ಲ; ಮಾತಿನ ತಗ್ಗು ಸ್ವರ ಮಾಯವಾಗಿ, ಉಸಿರಿನ ಹೆಚ್ಚು ಆವರ್ತನದ ಸದ್ದೇ ಉಳಿಯುತ್ತದೆ. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಅದನ್ನೇ. ಒಳಕಿವಿಯ ಶಂಖದ ಬುಡದಲ್ಲಿ ಹೆಚ್ಚು ಆವರ್ತನ ಗ್ರಹಿಸುವ ರೋಮಕೋಶಗಳಿವೆ. ಅವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮಗುವಿನ ಕಿವಿ ಸುಮಾರು 20,000 ಹರ್ಟ್ಸ್‌ವರೆಗೂ ಕೇಳಬಲ್ಲದು. ವಯಸ್ಸು ಏರಿದಂತೆ ಈ ಮೇಲ್ಮಿತಿ ಇಳಿಯುತ್ತ ಬರುತ್ತದೆ. ಮಗು ಪಿಸುಗುಟ್ಟುವುದು ಬಿಟ್ಟು ತಗ್ಗು ದನಿಯಲ್ಲಿ ಮಾತಾಡಿದರೆ ಅಜ್ಜನ ಮುಖ ಅರಳುತ್ತದೆ. ದನಿ ಕೇಳುತ್ತದೆ, ಮಾತು ಸರಿಯಾಗಿ ತಿಳಿಯುವುದಿಲ್ಲ ಎಂದು ಅಜ್ಜ ಮನೆಯಲ್ಲಿ ಯಾಕೆ ಹೇಳುತ್ತಾರೆಂಬುದು ಮೊಮ್ಮಗುವಿಗೆ ಅರ್ಥವಾಗಲು ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ಜೊತೆಗಿರುವ ದೊಡ್ಡವರು ಯಾರಿಗೆ ಏನು ವಿವರಿಸುತ್ತಾರೆ ಎಂಬುದನ್ನೂ ಸಂಶೋಧಕರು ಗಮನಿಸಿದ್ದಾರೆ. 2001ರಲ್ಲಿ ಪ್ರಕಟವಾದ, ಕ್ಯಾಲಿಫೋರ್ನಿಯಾದ ಮಕ್ಕಳ ಮ್ಯೂಸಿಯಂ ಒಂದರಲ್ಲಿ ನಡೆದ ಅಧ್ಯಯನದಲ್ಲಿ ಕೆವಿನ್ ಕ್ರೌಲಿ ಮತ್ತು ಸಂಗಡಿಗರು ಕಂಡದ್ದು ಇದು: ಪ್ರದರ್ಶಿಕೆ ಏಕೆ ಹಾಗೆ ವರ್ತಿಸುತ್ತದೆಂದು ಹೆತ್ತವರು ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಿಗೆ ಮೂರು ಪಟ್ಟು ಹೆಚ್ಚಾಗಿ ವಿವರಿಸುತ್ತಿದ್ದರು. ತಾಯಂದಿರೂ ಇದಕ್ಕೆ ಹೊರತಲ್ಲ. ಮೊಮ್ಮಗಳು ಸನ್ನೆ ಹಿಡಿದು ನಿಂತಾಗ ಆಕೆಗೂ ಕಾರಣ ಬಿಡಿಸಿ ಹೇಳಬೇಕೆಂಬ ಎಚ್ಚರ ನಮ್ಮ ಮನೆಗಳಲ್ಲೂ ಬೇಕು.

ಫಿಲಡೆಲ್ಫಿಯಾ ಪ್ರದೇಶದ ನಾಲ್ಕು ಸಂಸ್ಥೆಗಳು ತೊಂಬತ್ತರ ದಶಕದಲ್ಲಿ ಸೇರಿ, ಕುಟುಂಬಗಳು ಒಟ್ಟಾಗಿ ಕಲಿಯಲು ಪ್ರದರ್ಶಿಕೆ ಹೇಗಿರಬೇಕೆಂದು ಪರಿಶೀಲಿಸಿದವು. ಸುತ್ತಲೂ ನಿಲ್ಲಲು ಜಾಗ, ಹಲವು ಕೈಗಳಿಗೆ ಏಕಕಾಲಕ್ಕೆ ಕೆಲಸ, ಎತ್ತರ-ಗಿಡ್ಡ ಎಲ್ಲರಿಗೂ ಎಟುಕುವ ಹಿಡಿ, ಚಿಕ್ಕ ಫಲಕ ಇದ್ದಲ್ಲಿ ಮಾತುಕತೆ ಬೆಳೆಯುತ್ತದೆ ಎಂದು ಅವು ಕಂಡುಕೊಂಡವು. ಗೋಡೆಗೆ ಅಂಟಿಸಿದ, ಒಬ್ಬರು ಬಟನ್ ಒತ್ತಿ ಮುಂದೆ ಹೋಗುವ ಪೆಟ್ಟಿಗೆಗಳಲ್ಲಿ ಈ ಅನುಕೂಲ ಇಲ್ಲ. ಇಂಥ ಪೆಟ್ಟಿಗೆಗಳು ನಮ್ಮಲ್ಲಿ ಇನ್ನೂ ಕಡಿಮೆಯಾಗಬೇಕು. ಗ್ಯಾಲರಿಯ ಒಳಗೇ, ಪ್ರದರ್ಶಿಕೆಯ ಪಕ್ಕದಲ್ಲೇ ಒಂದೊಂದು ಸ್ಟೂಲ್ ಇಟ್ಟರೂ ಹಿರಿಯರಿಗೆ ಎಷ್ಟೋ ಉಪಕಾರ.

ಮಂಡಿನೋವಿನ ಅಜ್ಜಿ ಜೊತೆಗಿದ್ದರೆ ಎಲ್ಲ ಮಹಡಿ ಮುಗಿಸುವ ಹಟ ಬೇಡ. ಒಂದೆರಡು ಗ್ಯಾಲರಿ ಸಾಕು. ಉತ್ತರ ಕರ್ನಾಟಕದವರಿಗೆ ಕಲಬುರಗಿಯಲ್ಲೇ ಜಿಲ್ಲಾ ವಿಜ್ಞಾನ ಕೇಂದ್ರ ಇದೆ. ಊಟಕ್ಕೆ ಕಾಯುವಾಗ ಆಡಲು 30 ಸೆಂಟಿಮೀಟರಿನ ಒಂದು ಸ್ಕೇಲ್ ಬ್ಯಾಗಿನಲ್ಲಿ ಇರಲಿ. ಒಬ್ಬರು ಅದನ್ನು ಮೇಲಿಂದ ತೂಗಿ ಹಿಡಿದು ಹೇಳದೆ ಕೈಬಿಡಬೇಕು. ಇನ್ನೊಬ್ಬರು ಸೊನ್ನೆಯ ಗುರುತಿನ ಬಳಿ ಬೆರಳು ತೆರೆದಿಟ್ಟುಕೊಂಡು ತಕ್ಷಣ ಹಿಡಿಯಬೇಕು. 15 ಸೆಂಟಿಮೀಟರಿಗೆ ಹಿಡಿದರೆ ಪ್ರತಿಕ್ರಿಯೆಯ ಅವಧಿ ಸುಮಾರು 0.17 ಸೆಕೆಂಡು, 20ಕ್ಕೆ ಹಿಡಿದರೆ 0.2. ಹತ್ತು ವರ್ಷದ ಮೊಮ್ಮಗ ತಾನೇ ಗೆಲ್ಲುವೆನೆಂದು ನಂಬಿರುತ್ತಾನೆ. ಆದರೆ ಮನುಷ್ಯನ ಪ್ರತಿಕ್ರಿಯೆ ಅತಿ ಚುರುಕಾಗಿರುವುದು ಇಪ್ಪತ್ತರ ಹರೆಯದ ಆಸುಪಾಸಿನಲ್ಲಿ. ಕಾಲೇಜು ಮುಗಿಸಿದ ಚಿಕ್ಕಮ್ಮ ಜೊತೆಗೆ ಬಂದಿದ್ದರೆ ಆಕೆಯೇ ಗೆಲ್ಲುವ ಸಾಧ್ಯತೆ ಹೆಚ್ಚು.